ಉತ್ತರ: 'ಪಾರ್ಟಿ ಡೌನ್' ನಡುವಿನ ಎಪಿಸೋಡ್‌ಗಳು ಎಲ್ಲಿ ಹೋದವು?

'ಪಾರ್ಟಿ ಡೌನ್' ಅಂದರೆ ಪಾರ್ಟಿಗಳಲ್ಲಿ ಊಟ ಬಡಿಸುವವರ ಕುರಿತ ಅಮೆರಿಕದ ಕಾಮಿಡಿ ಸರಣಿ, ಅದರ ಎಪಿಸೋಡ್ ಯಾವುದೂ ಕಾಣೆಯಾಗಿಲ್ಲ. 20ನೆಯದು ಮುಗಿದು 21ಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ದಿಢೀರಂತ ವಯಸ್ಸಾಗಿದೆ ಅಂದಿರಲ್ಲ, ಅದು ಮೇಕಪ್ ಅಲ್ಲ, ನಿಜವಾದ ವಯಸ್ಸೇ. 2009ರಲ್ಲಿ ಸ್ಟಾರ್ಜ್ ಚಾನೆಲ್‌ನಲ್ಲಿ ಶುರುವಾದದ್ದು ನೋಡುವವರಿಲ್ಲದೆ 2010ಕ್ಕೇ ನಿಂತಿತು. 2023ರಲ್ಲಿ ಬಹುಪಾಲು ಅದೇ ಬಡಿಸುವ ಗ್ಯಾಂಗನ್ನು ಮತ್ತೆ ಸೇರಿಸಿದರು. ಮೂರು ಸೀಸನ್‌ಗೆ ಕ್ರಮವಾಗಿ 10, 10, 6 ಎಪಿಸೋಡ್. ಇರೋದೇ ಅಷ್ಟು. ನಟಿ ಜೇನ್ ಲಿಂಚ್ ಮೊದಲ ಸೀಸನ್ ಮುಗಿಯುವ ಮೊದಲೇ ಮಾಯವಾಗುವುದೂ ಆ್ಯಪ್ ತಪ್ಪಲ್ಲ, ಆಕೆ 'ಗ್ಲೀ' ಅನ್ನೋ ಇನ್ನೊಂದು ಸರಣಿಗೆ ಹೋದರು.

ನೀವು ಮಡಿಕೇರಿಯಲ್ಲಿ ಇಳಿಸಿಕೊಂಡ ಎಪಿಸೋಡ್‌ಗಳು ಭಾಗಮಂಡಲದ ಹೋಂಸ್ಟೇಗೆ ಬಂದಮೇಲೆ ತೆರೆಯದಿರುವುದು ಬೇರೆ ಸಮಸ್ಯೆ. ಬಹುಶಃ ಡೌನ್‌ಲೋಡ್‌ನ ಅವಧಿ ಮುಗಿದಿದೆ. ಯಾವ ಆ್ಯಪ್ ಅಂತ ನೀವು ಬರೆದಿಲ್ಲ, ಹಾಗಾಗಿ ಖಡಾಖಂಡಿತ ಹೇಳಲಾರೆ. ಮುಂದಿನ ಸಲ ಮಡಿಕೇರಿಗೆ ಹೋದಾಗ ಮೊದಲು ಆ್ಯಪ್ ಅಪ್‌ಡೇಟ್ ಮಾಡಿ, ಹಳೇ ಫೈಲ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ಇಳಿಸಿ. ಬಸ್ ಹತ್ತುವ ಮುಂಚೆ ಏರೋಪ್ಲೇನ್ ಮೋಡ್ ಹಾಕಿ ಒಂದೇ ಒಂದನ್ನು ತೆರೆದು ನೋಡಿ. ಎಲ್ಲವನ್ನೂ ತೆರೆಯಬೇಡಿ! ಎಷ್ಟೋ ಆ್ಯಪ್‌ಗಳಲ್ಲಿ ಪ್ಲೇ ಒತ್ತಿದ ಕ್ಷಣದಿಂದ 48 ಗಂಟೆ ಲೆಕ್ಕ ಶುರುವಾಗುತ್ತೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಎರಡು ದಿನ ಬರದಿದ್ದರೆ ಕಥೆ ಮುಗೀತು.

ವಿರಾಜಪೇಟೆ ಕಡೆ ಮದುವೆಗಳಲ್ಲಿ ಪಂದಿ ಕರಿ ಬಡಿಸಿದವನು ನಾನು, ಸರಣಿಯ ಆ ಬಡಿಸುವವರ ಗುಲಾಬಿ ಬೋ ಟೈ ಕಂಡರೆ ಈಗಲೂ ಕುತ್ತಿಗೆ ತುರಿಸುತ್ತೆ. ಮೂರನೇ ಸೀಸನ್ ಒಂದೇ ರಾತ್ರಿಗೆ ಸಾಕು, ಅದನ್ನೇ ಮೊದಲು ಇಳಿಸಿ.