ಮಾಲ್‌ಗಳಲ್ಲಿನ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಯಾಕೆ ಮುಚ್ಚುತ್ತಿವೆ? ದಾವಣಗೆರೆಯ ದೊಡ್ಡ ಜವಳಿ ಅಂಗಡಿಗಳಿಗೂ ಇದೇ ಗತಿಯೇ?

ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅಲ್ಲಿನ ಮಾಲ್‌ನ ಒಂದು ತುದಿಯಲ್ಲಿ ಸಿಯರ್ಸ್ ಎಂಬ ಎರಡಂತಸ್ತಿನ ಡಿಪಾರ್ಟ್‌ಮೆಂಟ್ ಸ್ಟೋರ್, ಅಂದರೆ ಹಲವು ಬಗೆಯ ಸಾಮಾನನ್ನು ಬೇರೆ ಬೇರೆ ವಿಭಾಗಗಳಲ್ಲಿ ಮಾರುವ ದೊಡ್ಡ ಮಳಿಗೆ, ಬೀಗ ಹಾಕಿಕೊಂಡು ನಿಂತಿದ್ದನ್ನು ನೋಡಿದಿರಿ, ಗೋಡೆಯ ಮೇಲೆ ಕಿತ್ತ ಅಕ್ಷರಗಳ ಗುರುತಷ್ಟೇ ಉಳಿದಿತ್ತು ಎಂದು ಬರೆದಿದ್ದೀರಿ. ನಮ್ಮೂರಿನ ನಾಲ್ಕಂತಸ್ತಿನ ಜವಳಿ ಅಂಗಡಿಗಳೂ ಹೀಗೇ ಆಗುತ್ತವೆಯೇ ಎಂಬುದು ನಿಮ್ಮ ಆತಂಕ. ಜೊತೆಗೆ ನಿಮ್ಮ ತಮ್ಮ ಒಂದು ಮಾಲ್‌ನಲ್ಲಿ ಮಳಿಗೆ ಕೊಳ್ಳಲು ಮುಂಗಡ ಕೊಡುವ ಯೋಚನೆಯಲ್ಲಿದ್ದಾರೆ ಎಂದೂ ಹೇಳಿದ್ದೀರಿ. ಆ ಕೊನೆಯ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲಾಗಲಿಲ್ಲ.

ನಾನು ದಾವಣಗೆರೆಯ ಚೌಕಿಪೇಟೆಯ ಒಂದು ಅಂಗಡಿಯಲ್ಲಿ ಥಾನು ಮಡಚುತ್ತಾ ಕೆಲಸ ಕಲಿತವನು. ಆಮೇಲೆ ಬೆಂಗಳೂರಿನ ಮಾಲ್‌ವೊಂದರ ದೊಡ್ಡ ಮಳಿಗೆಯಲ್ಲಿ ಒಂಬತ್ತು ವರ್ಷ ದುಡಿದೆ, ಕೊನೆಯ ನಾಲ್ಕು ವರ್ಷ ಫ್ಲೋರ್ ಮ್ಯಾನೇಜರ್ ಆಗಿ. ಈಗ ಊರಿಗೆ ಬಂದು ನನ್ನದೇ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ.

ಈ ಪ್ರಶ್ನೆಗೆ ಹೆಚ್ಚಿನವರು ‘ಅಮೆಜಾನ್’ ಎಂದು ಒಂದೇ ಮಾತಿನಲ್ಲಿ ಉತ್ತರ ಮುಗಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆನ್‌ಲೈನ್ ಬಂದು ಹೊಡೆದದ್ದು ನಿಜ, ಆದರೆ ಆ ಹೊತ್ತಿಗೆ ಮರದ ಬೇರು ಒಳಗೊಳಗೇ ಒಣಗಿತ್ತು.

ಮೊದಲು ಮಾಲ್ ಎಂಬುದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ನಮ್ಮ ದುಗ್ಗಮ್ಮನ ಜಾತ್ರೆ ನೆನಪಿಸಿಕೊಳ್ಳಿ. ಜನ ಬರುವುದು ಅಮ್ಮನ ದರ್ಶನಕ್ಕೆ. ಬಂದವರು ದಾರಿಯಲ್ಲಿ ಬಳೆ ಇಡಿಸಿಕೊಳ್ಳುತ್ತಾರೆ, ಮಂಡಕ್ಕಿ ಮಿರ್ಚಿ ತಿನ್ನುತ್ತಾರೆ, ಮಕ್ಕಳಿಗೆ ಪೀಪಿ ಕೊಡಿಸುತ್ತಾರೆ. ಬಳೆ ಅಂಗಡಿಯವನು ನೆಲಬಾಡಿಗೆ ಕೊಡುವುದು ಅಮ್ಮನ ಹೆಸರಿಗೆ ಸೇರುವ ಜನಕ್ಕಾಗಿ. ಅಮೆರಿಕದ ಮಾಲ್‌ಗಳಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ ಇದ್ದ ಸ್ಥಾನ ಅದು. ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ ಮಿನಿಯಾಪೊಲಿಸ್ ಹತ್ತಿರ ಕಟ್ಟಿದ ಸೌತ್‌ಡೇಲ್ 1956ರಲ್ಲಿ ತೆರೆಯಿತು. ಪೂರ್ತಿ ಸೂರಿನಡಿ ಇದ್ದ, ಒಳಗೆಲ್ಲ ಹವಾನಿಯಂತ್ರಣ ಇದ್ದ ಮೊದಲ ದೊಡ್ಡ ಮಾಲ್ ಅದು. ಅಲ್ಲಿ ಡೇಟನ್ಸ್, ಡೊನಾಲ್ಡ್‌ಸನ್ಸ್ ಎಂಬ ಎರಡು ಡಿಪಾರ್ಟ್‌ಮೆಂಟ್ ಸ್ಟೋರ್‌ಗಳನ್ನು ಜನ ಸೆಳೆಯಲೆಂದೇ ಕೂರಿಸಿ, ನಡುವೆ ಸಣ್ಣ ಅಂಗಡಿಗಳ ಸಾಲು ಹಾಕಿದರು. ಆಮೇಲೆ ದೇಶದ ತುಂಬ ಇದೇ ಮಾದರಿ ಹಬ್ಬಿತು. ಈ ದೊಡ್ಡ ಮಳಿಗೆಗಳನ್ನು ‘ಆ್ಯಂಕರ್’ ಎನ್ನುತ್ತಾರೆ. ಇವುಗಳಿಗೆ ಬಾಡಿಗೆ ತೀರಾ ಕಡಿಮೆ, ಎಷ್ಟೋ ಕಡೆ ಕಟ್ಟಡವೂ ಅವರದೇ. ಮಾಲ್‌ನ ಯಜಮಾನನಿಗೆ ದುಡ್ಡು ಬರುವುದು ನಡುವಿನ ಸಣ್ಣ ಅಂಗಡಿಗಳ ದುಬಾರಿ ಬಾಡಿಗೆಯಿಂದ.

ಆ್ಯಂಕರ್ ಮುಚ್ಚಿದರೆ ಅದಕ್ಕೇ ಇಡೀ ಮಾಲ್ ನಡುಗುತ್ತದೆ. ಅಲ್ಲಿನ ಬಾಡಿಗೆ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ದೊಡ್ಡ ಮಳಿಗೆ ಖಾಲಿಯಾದರೆ ಸಣ್ಣವರು ಬಾಡಿಗೆ ಇಳಿಸಿಕೊಳ್ಳಬಹುದು, ಇಲ್ಲವೇ ಬಿಟ್ಟು ಹೋಗಬಹುದು. ಒಂದು ಬೀಗ ಬಿದ್ದರೆ ಅದರ ಹಿಂದೆ ಹತ್ತು ಬೀಗ.

ಇನ್ನು ನೀವು ನೋಡಿದ ಸಿಯರ್ಸ್. ಅದರ ಕಥೆ ನನಗೆ ಸಂಕಟ ತರುತ್ತದೆ, ಯಾಕೆಂದರೆ ಅದು ಅಂತಿಂಥ ಅಂಗಡಿಯಾಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ದಪ್ಪ ಕ್ಯಾಟಲಾಗ್ ಕಳಿಸಿ, ಹಳ್ಳಿಯ ರೈತರ ಮನೆ ಬಾಗಿಲಿಗೆ ಹೊಲಿಗೆ ಯಂತ್ರದಿಂದ ಹಿಡಿದು ಎಲ್ಲ ಸಾಮಾನು ಮುಟ್ಟಿಸುತ್ತಿದ್ದ ಕಂಪನಿ. 1925ರಲ್ಲಿ ಶಿಕಾಗೋದಲ್ಲಿ ಮೊದಲ ಮಳಿಗೆ ತೆರೆಯಿತು. 1973ರ ಹೊತ್ತಿಗೆ ಅದೇ ನಗರದಲ್ಲಿ 110 ಅಂತಸ್ತಿನ ಗೋಪುರ ಕಟ್ಟಿಸಿತು. 1990ರ ಆಸುಪಾಸಿನಲ್ಲಿ ಅಮೆರಿಕದ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿಯೆಂಬ ಪಟ್ಟ ವಾಲ್‌ಮಾರ್ಟ್ ಪಾಲಾಯಿತು. 1993ರಲ್ಲಿ ಸಿಯರ್ಸ್ ತನ್ನ ಹೆಸರಾಂತ ಕ್ಯಾಟಲಾಗ್ ನಿಲ್ಲಿಸಿತು. ಅಮೆಜಾನ್ ಹುಟ್ಟಿದ್ದು 1994ರಲ್ಲಿ. ಮನೆಬಾಗಿಲಿಗೆ ಸಾಮಾನು ಮುಟ್ಟಿಸುವ ವಿದ್ಯೆಯನ್ನು ಇವರು ಕೈಬಿಟ್ಟ ಮರುವರ್ಷ ಇನ್ನೊಬ್ಬರು ಎತ್ತಿಕೊಂಡರು.

ಅಷ್ಟರಲ್ಲೇ ಒಂದೊಂದು ವಿಭಾಗವನ್ನು ಒಬ್ಬೊಬ್ಬರು ಕಿತ್ತುಕೊಂಡಿದ್ದರು. ಆಟಿಕೆಗೆ ಆಟಿಕೆಯದೇ ದೊಡ್ಡ ಮಳಿಗೆ, ಟಿವಿಗೆ ಟಿವಿಯದೇ ಮಳಿಗೆ, ಸುತ್ತಿಗೆ ಮೊಳೆಗೆ ಮತ್ತೊಂದು, ಅಗ್ಗದ ಬಟ್ಟೆಗೆ ಇನ್ನೊಂದು. ಎಲ್ಲವೂ ಒಂದೇ ಸೂರಿನಡಿ ಸಿಗುತ್ತದೆ ಎಂಬುದೇ ಡಿಪಾರ್ಟ್‌ಮೆಂಟ್ ಸ್ಟೋರ್‌ನ ಬಂಡವಾಳವಾಗಿತ್ತು, ಅದು ಕರಗುತ್ತಾ ಬಂತು. ಮೇಲಾಗಿ ಅಮೆರಿಕದವರು ಅಗತ್ಯಕ್ಕಿಂತ ಬಹಳ ಹೆಚ್ಚು ಮಾಲ್ ಕಟ್ಟಿಬಿಟ್ಟಿದ್ದರು.

ಆಮೇಲಿನದನ್ನು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು. ನನ್ನ ಸೋದರಮಾವ ಹತ್ತಿ ಗಿರಣಿಯಲ್ಲಿ ನೂಲು ತೆಗೆದವರು. ಗಿರಣಿ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದ ಮನೆಗಳು ಇಲ್ಲಿದ್ದವು. ಯಂತ್ರ ಹಳೆಯದಾಯಿತು, ಹೊಸದಕ್ಕೆ ದುಡ್ಡು ಹಾಕುವವರಿಲ್ಲ, ಅತ್ತ ಊರು ಬೆಳೆದು ಗಿರಣಿಯ ನೆಲಕ್ಕೆ ಬೆಲೆ ಬಂತು. ಮಾವ ಹೇಳುತ್ತಿದ್ದರು, “ನೂಲಿಗಿಂತ ನೆಲ ತುಟ್ಟಿ ಆತು ನೋಡಪ್ಪ, ಅವತ್ತೇ ನಮ್ ಕೆಲಸ ಹೋತು.” ಸಿಯರ್ಸ್‌ಗೆ ಆದದ್ದು ಇದೇ. 2005ರಲ್ಲಿ ಕೆಮಾರ್ಟ್ ಎಂಬ ಅಗ್ಗದ ಮಳಿಗೆಗಳ ಕಂಪನಿಯ ಜೊತೆ ಸೇರಿದಾಗ ಎರಡರದೂ ಕೂಡಿ ಸುಮಾರು 3,500 ಮಳಿಗೆಗಳಿದ್ದವು. ಯಜಮಾನಿಕೆ ಹಣಕಾಸಿನವರ ಕೈಗೆ ಬಂತು. ಮಳಿಗೆಗಳ ದುರಸ್ತಿಗೆ ಖರ್ಚು ಮಾಡುವುದು ಬಿಟ್ಟರು. 2015ರಲ್ಲಿ 235 ಕಟ್ಟಡಗಳನ್ನು ಬೇರೆ ಕಂಪನಿಗೆ ಸುಮಾರು 270 ಕೋಟಿ ಡಾಲರ್‌ಗೆ ಮಾರಿ, ತಮ್ಮದೇ ಆಗಿದ್ದ ಕಟ್ಟಡದಲ್ಲಿ ಬಾಡಿಗೆದಾರರಾಗಿ ಕೂತರು. ಬಾಡಿಗೆ ಇಲ್ಲದೆ ಬದುಕಿದ್ದ ಅಂಗಡಿಯ ತಲೆಯ ಮೇಲೆ ಬಾಡಿಗೆ ಬಂತು. 2018ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು.

ನಮ್ಮಲ್ಲೂ ಉದಾಹರಣೆ ಇದೆ. 2001ರಲ್ಲಿ ಶುರುವಾಗಿ ದೇಶದ ತುಂಬ ಹರಡಿದ್ದ ಬಿಗ್ ಬಜಾರ್ ಹೆಸರು 2022ರಲ್ಲಿ ಬೋರ್ಡುಗಳಿಂದ ಇಳಿಯಿತು. ಕಾರಣ ಮೈತುಂಬ ಸಾಲ, ಕಟ್ಟಲಾಗದ ಬಾಡಿಗೆ.

ಸಾಲ, ನೆಲ, ಬಾಡಿಗೆ ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಕಾಣುವ ಕಾರಣಗಳು. ನಾನು ಕಣ್ಣಾರೆ ಕಂಡದ್ದು ಇನ್ನೊಂದಿದೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಅದೇ.

ನಾನಿದ್ದ ಬೆಂಗಳೂರಿನ ಮಳಿಗೆಯಲ್ಲಿ ಗಂಡಸರ ಬಟ್ಟೆಯ ಮಹಡಿಗೆ ಮೊದಲು ನಾವು 14 ಜನ ಇದ್ದೆವು. ಚಳ್ಳಕೆರೆ ಕಡೆಯ ಹಿರಿಯರೊಬ್ಬರಿದ್ದರು, ಎಲ್ಲರೂ ಅಣ್ಣಾ ಎನ್ನುತ್ತಿದ್ದೆವು. ಗಿರಾಕಿ ಎಸ್ಕಲೇಟರ್‌ನಿಂದ ಇಳಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅವರ ಭುಜದ ಅಳತೆ ಇವರ ಕಣ್ಣಿಗೆ ಸಿಕ್ಕಿರುತ್ತಿತ್ತು. ಟೇಪ್ ಹಿಡಿಯದೆ 42ರ ಅಂಗಿ ತಂದುಕೊಟ್ಟರೆ ಅದು ಸರಿಯಾಗಿ ಕೂರುತ್ತಿತ್ತು. “ಈ ಬಟ್ಟೆ ಎರಡು ಒಗೆತಕ್ಕೆ ಜಗ್ಗುತ್ತೆ ಸಾರ್, ಬೇಡ” ಎಂದು ದುಬಾರಿ ಅಂಗಿಯನ್ನು ತಾವೇ ಪಕ್ಕಕ್ಕಿಡುತ್ತಿದ್ದರು. ಆ ಒಂದು ಮಾತಿಗೆ ಆ ಗಿರಾಕಿ ಹತ್ತು ವರ್ಷ ಬರುತ್ತಿದ್ದ.

ಒಂದು ವರ್ಷ ವ್ಯಾಪಾರ ತಗ್ಗಿತು. ಮೇಲಿನವರು ಸಂಬಳದ ಪಟ್ಟಿ ತೆಗೆದರು. ಪಟ್ಟಿಯಲ್ಲಿ ಹೆಚ್ಚು ಸಂಬಳ ಯಾರದು? ಹೆಚ್ಚು ವರ್ಷ ದುಡಿದವರದು. ಅಣ್ಣನನ್ನು ಕಳಿಸಿದರು. ಅವರ ಕೈಗೆ ಆ ಕಾಗದ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ. ಮುಂದಿನ ತಿಂಗಳು ಹಳೇ ಗಿರಾಕಿಯೊಬ್ಬರು ಬಂದು, “ಆ ಯಜಮಾನ್ರು ಎಲ್ಲಿ?” ಎಂದರು. ಕೆಲಸ ಬಿಟ್ಟರು ಎಂದೆ. ಕೈಯಲ್ಲಿದ್ದ ಎರಡು ಅಂಗಿಗಳನ್ನು ಮಡಚಿ ಮೇಜಿನ ಮೇಲಿಟ್ಟು ಹೊರಟುಹೋದರು. ವ್ಯಾಪಾರ ಇನ್ನಷ್ಟು ಬಿತ್ತು. ಬಿದ್ದಿತೆಂದು ಇನ್ನಿಬ್ಬರನ್ನು ತೆಗೆದರು. ನಾನು ಬಿಡುವ ಹೊತ್ತಿಗೆ ಆ ಮಹಡಿಗೆ 5 ಜನ. ಬಿಲ್ ಹಾಕಿಸಲು ಗಿರಾಕಿಗಳೇ ಸಿಬ್ಬಂದಿಯನ್ನು ಹುಡುಕಿಕೊಂಡು ಓಡಾಡುತ್ತಿದ್ದರು. ಹಾಗೆ ಹುಡುಕುವವರು ಮನೆಯಲ್ಲೇ ಕೂತು ಮೊಬೈಲ್‌ನಲ್ಲಿ ತರಿಸಿಕೊಂಡರೆ ತಪ್ಪೇನು?

ಅಮೆರಿಕದಲ್ಲೂ ಇದನ್ನೇ ಮಾಡಿದ್ದಾರೆ. ಸರ್ಕಿಟ್ ಸಿಟಿ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿ 2007ರಲ್ಲಿ ಹೆಚ್ಚು ಸಂಬಳದ ಸುಮಾರು 3,400 ಮಾರಾಟಗಾರರನ್ನು ಒಟ್ಟಿಗೇ ಮನೆಗೆ ಕಳಿಸಿತು. ಮರುವರ್ಷ ದಿವಾಳಿ ಅರ್ಜಿ, 2009ರಲ್ಲಿ ಬೀಗ. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಇದೆ. ಮೇಸೀಸ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿ 2024ರಲ್ಲಿ ಸುಮಾರು 150 ಮಳಿಗೆ ಮುಚ್ಚುವುದಾಗಿ ಹೇಳಿತು, ಆದರೆ ಅದೇ ವರ್ಷ 50 ಮಳಿಗೆಗಳನ್ನು ಆರಿಸಿಕೊಂಡು ಅಲ್ಲಿ ಸಿಬ್ಬಂದಿಯನ್ನು ಹೆಚ್ಚಿಸಿತು. ಆ ಮಳಿಗೆಗಳಲ್ಲಿ ವ್ಯಾಪಾರ ಏರಿತು. ಅದನ್ನು ಓದಿದಾಗ ನನಗೆ ಅಣ್ಣನ ಮುಖ ಕಣ್ಣ ಮುಂದೆ ಬಂತು.

ಗಿರಾಕಿಯ ಮನಸ್ಸು ಅರಿಯದೆ ಕೆಟ್ಟವರೂ ಉಂಟು. ಜೆಸಿ ಪೆನ್ನಿ ಎಂಬ ಇನ್ನೊಂದು ಅಮೆರಿಕನ್ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿಯಲ್ಲಿ ಹೊಸದಾಗಿ ಬಂದ ಮುಖ್ಯಸ್ಥರು 2012ರಲ್ಲಿ ಕೂಪನ್, ರಿಯಾಯಿತಿ ಎಲ್ಲ ತೆಗೆದು ದಿನವೂ ಒಂದೇ ದರ ಎಂದರು. ಒಂದೇ ವರ್ಷದಲ್ಲಿ ಕಾಲುಭಾಗ ವ್ಯಾಪಾರ ಹೋಯಿತು. ಚೌಕಿಪೇಟೆಯ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ: ಅಕ್ಕನವರು ಇನ್ನೂರು ರೂಪಾಯಿ ಬಿಡಿಸಿಕೊಂಡ ಸಮಾಧಾನದಲ್ಲಿ ಮೆಟ್ಟಿಲು ಇಳಿಯಬೇಕು, ಜೊತೆಗೊಂದು ಕುಪ್ಪಸದ ಕಣ ಸಿಕ್ಕರೆ ತಂಗಿಯನ್ನೂ ಕರೆತರುತ್ತಾರೆ.

ಈಗ ನಮ್ಮೂರಿಗೆ ಬರೋಣ. ನಮ್ಮ ದೊಡ್ಡ ಜವಳಿ ಅಂಗಡಿಗಳು ಒಂದು ಲೆಕ್ಕದಲ್ಲಿ ನಮ್ಮ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳೇ. ಆದರೆ ಅವು ನಿಂತಿರುವುದು ಮದುವೆ ಜವಳಿಯ ಮೇಲೆ. ಜಗಳೂರಿನಿಂದಲೋ ಹರಪನಹಳ್ಳಿಯಿಂದಲೋ ಒಂದು ಟೆಂಪೊ ತುಂಬ ಜನ ಬರುತ್ತಾರೆ. ಮೆಕ್ಕೆಜೋಳ ಮಾರಿದ ದುಡ್ಡೋ, ಚನ್ನಗಿರಿ ಕಡೆಯವರಾದರೆ ಅಡಿಕೆಯ ದುಡ್ಡೋ ಸೊಂಟದಲ್ಲಿರುತ್ತದೆ. “ಬರ್ರಿ ಅಕ್ಕಾರೆ, ಕುತ್ಗಳ್ರಿ, ಮದುವಿ ಯಾವತ್ತು?” ಎಂದು ಕೇಳುವ ಮಾರಾಟಗಾರನಿಗೆ ಪೂರ್ತಿ ಮದುವೆಯ ನಕ್ಷೆ ಗೊತ್ತು. ಧಾರೆ ಸೀರೆ ಮೊದಲು ಆಗಬೇಕು, ಬೀಗಿತ್ತಿಯ ಸೀರೆ ಒಂದು ಕೈ ಮೇಲಿರಬೇಕು, ಅಜ್ಜಿಗೆ ಹದಿನಾರು ಮೊಳದ್ದೇ ಆಗಬೇಕು, ಮುಯ್ಯಿ ಮಾಡುವ ಸೀರೆ ಇಷ್ಟರೊಳಗೆ ಮುಗಿಯಬೇಕು. ಐವತ್ತು ಸೀರೆ ಬಿಡಿಸಿ ಗಾದಿ ಮೇಲೆ ಹರವುತ್ತಾನೆ, ಮುಖ ಗಂಟಿಕ್ಕುವುದಿಲ್ಲ. ಬೆಳಿಗ್ಗೆ ಬಂದವರು ನಡುವೆ ಬೆಣ್ಣೆದೋಸೆ ತಿಂದು ಬಂದು ಮತ್ತೆ ಕೂರುತ್ತಾರೆ. ಈ ವ್ಯಾಪಾರವನ್ನು ಮೊಬೈಲ್ ಸುಲಭಕ್ಕೆ ಕಸಿಯಲಾರದು. ಸ್ವಂತ ಕಟ್ಟಡದಲ್ಲಿ ಕೂತ ಹಳೇ ಮನೆತನಗಳಿಗೆ ಬಾಡಿಗೆಯ ಕಾಟವೂ ಇಲ್ಲ.

ಅಪಾಯ ಇರುವುದು ದಿನಬಳಕೆಯ ಬಟ್ಟೆಯಲ್ಲಿ. ಪ್ಯಾಂಟು, ಟೀಶರ್ಟು, ಮಕ್ಕಳ ಫ್ರಾಕು ಇವೆಲ್ಲ ಮೊಬೈಲ್‌ಗೂ ಅಗ್ಗದ ಚೈನ್ ಅಂಗಡಿಗಳಿಗೂ ಹೋಗುತ್ತಿವೆ. ಹಾಗಿರುವಾಗ ಬ್ಯಾಂಕ್ ಸಾಲ ತೆಗೆದು ಐದನೇ ಮಹಡಿ ಎತ್ತುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಅದಕ್ಕಿಂತ ಹೆಚ್ಚು ನೋವು ಕೊಡುವುದು ಇನ್ನೊಂದು. ಹತ್ತು ವರ್ಷ ಸೀರೆ ಬಿಡಿಸಿ ಕೈ ಪಳಗಿದ ಹುಡುಗ ಸಂಬಳ ಸಾಲದೆ ಡೆಲಿವರಿ ಬೈಕ್ ಹತ್ತುತ್ತಿದ್ದಾನೆ, ಅಂಗಡಿಯವರು ಅವನ ಜಾಗಕ್ಕೆ ಹ್ಯಾಂಗರ್ ನೇತುಹಾಕುತ್ತಿದ್ದಾರೆ. ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಆ ಹುಡುಗನಿಗೆ ಇನ್ನೂ ಮೂರು ಸಾವಿರ ಜಾಸ್ತಿ ಕೊಟ್ಟು ಉಳಿಸಿಕೊಳ್ಳಿ.

ಕೊನೆಗೆ ನಿಮ್ಮ ತಮ್ಮನ ವಿಷಯ. ಮುಂಗಡ ಕೊಡುವ ಮುಂಚೆ ಆ ಮಾಲ್‌ನ ಉಳಿದ ಮಳಿಗೆಗಳನ್ನು ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಮಾರಿದ್ದಾರೋ, ಇಲ್ಲಾ ಒಬ್ಬರೇ ಯಜಮಾನರು ಬಾಡಿಗೆಗೆ ಕೊಡುತ್ತಿದ್ದಾರೋ ವಿಚಾರಿಸಲು ಹೇಳಿ. ನಮ್ಮ ದೇಶದಲ್ಲಿ ಬಿಡಿಯಾಗಿ ಮಾರಿದ ಎಷ್ಟೋ ಮಾಲ್‌ಗಳು ಹಾಳುಬಿದ್ದಿವೆ. ನೂರು ಜನ ಒಡೆಯರಿದ್ದಲ್ಲಿ ಯಾವ ಅಂಗಡಿ ಎಲ್ಲಿರಬೇಕೆಂದು ತೀರ್ಮಾನಿಸುವವರಿಲ್ಲ, ಲಿಫ್ಟ್ ಕೆಟ್ಟರೆ ರಿಪೇರಿಗೆ ದುಡ್ಡು ಹಾಕುವವರಿಲ್ಲ. ದೊಡ್ಡ ಮಳಿಗೆಯವರ ಕರಾರು ಇನ್ನೆಷ್ಟು ವರ್ಷ ಇದೆ, ಅವರು ನಡುವೆ ಬಿಟ್ಟು ಹೋಗಲು ಅವಕಾಶ ಇದೆಯೇ ಎಂದು ಬರಹದಲ್ಲಿ ಕೇಳಲಿ. ಮಳಿಗೆ ಖಾಲಿ ಇದ್ದರೂ ತಿಂಗಳ ನಿರ್ವಹಣಾ ಶುಲ್ಕ ಕಟ್ಟಲೇಬೇಕಾಗುತ್ತದೆ, ಅದು ಚದರಡಿಗೆ ಎಷ್ಟು ಎಂದು ತಿಳಿದುಕೊಳ್ಳಲಿ.

ಆಮೇಲೆ ಭಾನುವಾರ ಬೇಡ, ಒಂದು ಮಂಗಳವಾರ ಮಧ್ಯಾಹ್ನ ಹೋಗಿ ಬಾಗಿಲ ಹತ್ತಿರ ಮೂರು ತಾಸು ಕೂರಲಿ. ಒಳಗೆ ಹೋಗುವವರನ್ನು ಎಣಿಸುವುದು ಬೇಡ, ತಂಪಿಗೆ ಬಂದವರು, ಸಿನಿಮಾಕ್ಕೆ ಬಂದವರು ಎಲ್ಲರೂ ಅದರಲ್ಲಿ ಸೇರಿರುತ್ತಾರೆ. ಹೊರಗೆ ಬರುವವರ ಕೈ ನೋಡಲಿ. ಎಷ್ಟು ಕೈಗಳಲ್ಲಿ ಬಟ್ಟೆಯ ಚೀಲ ಇದೆ ಎಂದು ಬರೆದುಕೊಳ್ಳಲಿ. ಆ ಸಂಖ್ಯೆ ಇಲ್ಲಿ ಕಾಮೆಂಟ್‌ನಲ್ಲಿ ಹಾಕಿದರೆ ನಿರ್ವಹಣಾ ಶುಲ್ಕ, ಕರೆಂಟು, ಸಂಬಳ ಎಲ್ಲ ಸೇರಿಸಿ ಗಿಟ್ಟುತ್ತದೋ ಇಲ್ಲವೋ ನಾನೇ ಕೂತು ಲೆಕ್ಕ ಹಾಕಿ ಕೊಡುತ್ತೇನೆ.