ಕುವೈತಿಗೆ ಹೊರಟ ತಂಗಿಗೆ, ಕೋಣೆಯ ಶಾಂತಿಯ ಬಗ್ಗೆ

ಪ್ರೀತಿಯ ತಂಗೀ,

ಚಂದಾವರದ ಜಾತ್ರೆ ಮುಗಿಸಿಕೊಂಡು ಡಿಸೆಂಬರಿನಲ್ಲಿ ಕುವೈತಿಗೆ ಹೊರಡುತ್ತೇನೆ ಎಂದು ನೀನು ಬರೆದದ್ದನ್ನು ಓದಿ ಸಂತೋಷವಾಯಿತು. ನಮ್ಮ ಹೊನ್ನಾವರ ಸೀಮೆಯಿಂದ ಇನ್ನೊಬ್ಬಳು ನರ್ಸ್ ಬರುತ್ತಾಳೆಂದರೆ ನನಗೆ ಅದೊಂದು ಹೆಮ್ಮೆ. ಸಂಬಳ, ಊಟ, ರಂಜಾನ್ ತಿಂಗಳು, ತರಬೇಕಾದ ಸಾಮಾನು ಎಂದು ಹಲವು ವಿಷಯ ಕೇಳಿದ್ದೀಯ. ಆದರೆ ನಿನ್ನನ್ನು ನಿಜವಾಗಿ ಕಾಡುತ್ತಿರುವುದು ಕೊನೆಯ ಪ್ರಶ್ನೆಯೇ ಎಂದು ನನಗೆ ಅನಿಸಿತು. ಇಲ್ಲಿನ ಹಾಸ್ಟೆಲಿನಲ್ಲಿ ನಿನ್ನ ಕೋಣೆಯಲ್ಲಿರುವ ಹುಡುಗಿ ನಮ್ಮ ಕಡೆಯವಳೇ, ಮೊದಲು ನಮ್ಮಂತೆಯೇ ಕಥೋಲಿಕಳಾಗಿದ್ದು ಈಗ ಚಿತ್ರ, ಜಪಮಾಲೆಗಳನ್ನು ಒಪ್ಪದ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದವಳು. ಮಾತೆ ಮರಿಯಮ್ಮನವರ ಚಿತ್ರವನ್ನು ಗೋಡೆಗೆ ಹಾಕುವ ಮಾತು ಬಂದಾಗ ಫೋನಿನಲ್ಲೇ ನಿಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿದೆ. ಬೇರೆ ಕೋಣೆ ಕೇಳಲೇ, ಬಾಯಿ ಮುಚ್ಚಿಕೊಂಡು ಇದ್ದುಬಿಡಲೇ ಎಂದು ನನ್ನನ್ನು ಕೇಳಿದ್ದೀಯ.

ಸುಲಭದ ವಿಷಯಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಸಂಬಳ ಒಪ್ಪಂದದಲ್ಲಿ ಬರೆದಷ್ಟೇ, ಬಾಯಿಮಾತಿನಲ್ಲಿ ಹೇಳಿದ್ದಲ್ಲ. ದಾದಿಯರನ್ನು ಕುವೈತಿನಂಥ ದೇಶಗಳಿಗೆ ಸರ್ಕಾರಿ ಸಂಸ್ಥೆಗಳ ಮೂಲಕವೇ ನೇಮಿಸಿಕೊಳ್ಳಬೇಕೆಂದು ಭಾರತ ಸರ್ಕಾರ 2015ರಲ್ಲಿ ನಿಯಮ ಮಾಡಿದೆ. ಆದ್ದರಿಂದ ನಡುವೆ ಬಂದು ಕೈಚಾಚುವ ಯಾರಿಗೂ ಹಣ ಕೊಡಬೇಡ. ಮೀನು ಸಿಗುತ್ತದೆ, ನಮ್ಮ ಬಂಗಡೆಯ ರುಚಿ ಮಾತ್ರ ಸಿಗುವುದಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಸಾರ್ವಜನಿಕ ಜಾಗದಲ್ಲಿ ತಿನ್ನುವುದಕ್ಕೂ ಕುಡಿಯುವುದಕ್ಕೂ 1968ರ ಕಾನೂನಿನಂತೆ ದಂಡ ಅಥವಾ ಸೆರೆವಾಸವಿದೆ. ನೀರಿನ ಬಾಟಲಿಯನ್ನು ಕೂಡ ಚೀಲದೊಳಗೇ ಇಟ್ಟುಕೊಂಡಿರಬೇಕು, ಡ್ಯೂಟಿಯಲ್ಲಿದ್ದಾಗ ದಾದಿಯರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊಟ ಮಾಡಬೇಕು. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹಾಗಾಗಿ ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ನಾವು ಶುಕ್ರವಾರವೇ ಪಾಲ್ಗೊಳ್ಳುತ್ತೇವೆ. ಮೊದಲ ಕೆಲವು ತಿಂಗಳು ಭಾನುವಾರ ಬೆಳಿಗ್ಗೆ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೊರಡುವಾಗ ಎದೆಯಲ್ಲಿ ಒಂದು ಬಗೆಯ ಸಂಕಟವಾಗುತ್ತದೆ, ಆಮೇಲೆ ಅದೂ ಅಭ್ಯಾಸವಾಗುತ್ತದೆ.

ಇನ್ನು ನಿನ್ನ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ಯಾರಿಗೂ ಸರಿಯಾಗಿ ಹೇಳದ ಒಂದು ವಿಷಯವನ್ನು ಬರೆಯಬೇಕಾಗುತ್ತದೆ.

ನಾನು ಇಲ್ಲಿಗೆ ಬಂದದ್ದು 1999ರ ಅಕ್ಟೋಬರಿನಲ್ಲಿ. ನಾಲ್ಕು ಕಬ್ಬಿಣದ ಮಂಚಗಳ ಕೋಣೆ. ಒಬ್ಬಳು ಕೇರಳದ ಸಿರಿಯನ್ ಆರ್ಥೊಡಾಕ್ಸ್ ಸಭೆಯವಳು, ಒಬ್ಬಳು ತಮಿಳುನಾಡಿನ ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಸಭೆಯವಳು, ಇನ್ನೊಬ್ಬಳು ಫಿಲಿಪ್ಪೀನ್ಸಿನ ಕಥೋಲಿಕಳು. ಮೊದಲ ಸಂಜೆ ನಾನು ಜಪಮಾಲೆಯನ್ನು ಮಂಚದ ತಲೆಗಂಬಿಗೆ ತೂಗುಹಾಕಿ ಕುಳಿತೆ. ಊರಿನಲ್ಲಾದರೆ ಅದು ಇಗರ್ಜಿಯ ಗಂಟೆ ಕೇಳುವ ಹೊತ್ತು, ಅಂಗಳದ ಆಚೆಯಿಂದ ಅಮ್ಮ ತೇರ್ಸಿಗೆ, ಅಂದರೆ ಜಪಮಾಲೆಯ ಪ್ರಾರ್ಥನೆಗೆ, ಕೂಗುವ ಹೊತ್ತು. ಇಲ್ಲಿ ಏಸಿಯ ಗುರುಗುರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ಮೂವರೂ ನನ್ನ ಜಪಮಾಲೆಯನ್ನು ನೋಡಿ ಏನೂ ಕೇಳಲಿಲ್ಲ, ಅವರ ಪುಸ್ತಕಗಳ ಬಗ್ಗೆ ನಾನೂ ಕೇಳಲಿಲ್ಲ. ಎರಡು ವರ್ಷ ನಾಲ್ವರೂ ಚೆನ್ನಾಗಿಯೇ ಇದ್ದೆವು.

2001ರಲ್ಲಿ ನನ್ನ ಚಿಕ್ಕಪ್ಪನ ಮಗಳು ಬಂದಳು. ಅವಳ ಕೆಲಸಕ್ಕಾಗಿ ನಾನೇ ಓಡಾಡಿದ್ದೆ, ನನ್ನ ಕೋಣೆಯಲ್ಲೇ ಅವಳಿಗೆ ಜಾಗ ಮಾಡಿಸಿದ್ದೆ. ಒಂದೇ ಅಂಗಳದಲ್ಲಿ ಬೆಳೆದವರು ನಾವು, ಶರಾವತಿಯ ದಂಡೆಯಲ್ಲಿ ಒಂದೇ ಬುಟ್ಟಿಗೆ ಬಳಚು ಎಂಬ ಚಿಪ್ಪುಮೀನು ಆಯ್ದವರು. ಬಂದು ವರ್ಷ ತುಂಬುವಷ್ಟರಲ್ಲಿ ಅವಳು ಒಂದು ಕೂಟಕ್ಕೆ ಹೋಗತೊಡಗಿದಳು, ಆಮೇಲೆ ಮತ್ತೊಮ್ಮೆ ದೀಕ್ಷಾಸ್ನಾನ ಪಡೆದಳು. ಮಗುವಾಗಿದ್ದಾಗ ಪಡೆದ ಜ್ಞಾನಸ್ನಾನ ಸಾಲದೇ ಎಂದು ನಾನು ಕೇಳಿದೆ. ಜಪಮಾಲೆಯಿಂದ ರಕ್ಷಣೆ ಸಿಗುವುದಿಲ್ಲ ಅಕ್ಕಾ ಎಂದು ಅವಳು ಹೇಳಿದಳು. ಅಲ್ಲಿಂದ ದಿನವೂ ಒಂದಲ್ಲ ಒಂದು ನೆಪದಲ್ಲಿ ವಾದ.

2003ರ ಮಾರ್ಚಿನಲ್ಲಿ ಇರಾಕ್ ಯುದ್ಧ ಶುರುವಾದಾಗ ಇಲ್ಲಿ ಹಗಲು ರಾತ್ರಿಯೆನ್ನದೆ ಸೈರನ್ ಕೂಗುತ್ತಿತ್ತು. ಕ್ಷಿಪಣಿ ಬೀಳಬಹುದೆಂದು ಕಿಟಕಿಯ ಸಂದುಗಳಿಗೆ ಟೇಪ್ ಅಂಟಿಸಿದ್ದೆವು. ಒಂದು ರಾತ್ರಿ ಸೈರನ್ ಕೂಗಿದಾಗ ಅವಳು ಮೇಲಿನ ಮಂಚದಿಂದ ಇಳಿದು ಬಂದು ನನ್ನ ಕೈ ಹಿಡಿದುಕೊಂಡಳು. ನಾನು ಒಂದು ಕೈಯಲ್ಲಿ ಮಣಿ ಎಣಿಸುತ್ತಿದ್ದೆ, ಅವಳು ತನ್ನ ರೀತಿಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು, ಇಬ್ಬರ ಅಂಗೈಯೂ ಬೆವರಿನಿಂದ ಒದ್ದೆಯಾಗಿತ್ತು. ಸೈರನ್ ನಿಂತ ಮೇಲೂ ಬಹಳ ಹೊತ್ತು ಕೈ ಬಿಡಲಿಲ್ಲ. ಆ ರಾತ್ರಿಯನ್ನು ನೆನೆದಾಗಲೆಲ್ಲ, ಅಲ್ಲಿಗೇ ನಮ್ಮ ಜಗಳ ಮುಗಿಯಬಹುದಿತ್ತು, ನಾನು ಮುಗಿಯಗೊಡಲಿಲ್ಲ ಎಂದು ನನಗೆ ಅನಿಸುತ್ತದೆ.

ಮರು ವರ್ಷ ಮಳೆಗಾಲದಲ್ಲಿ ಚಿಕ್ಕಪ್ಪ ತೀರಿಕೊಂಡರು. ಅವಳಿಗೆ ರಜೆ ಸಿಗಲಿಲ್ಲ. ಮಣ್ಣಿಗೆ ಹೋಗಲಾಗದ ಮಗಳ ಸಂಕಟವನ್ನು ನಾನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಒಳ್ಳೆಯದೆಂದೇ ಭಾವಿಸಿ, ಅವಳನ್ನು ಒಂದು ಮಾತೂ ಕೇಳದೆ, ಚಿಕ್ಕಪ್ಪನ ಆತ್ಮಶಾಂತಿಗಾಗಿ ಬಲಿಪೂಜೆ ಹೇಳಿಸಿ, ಚೀಟಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ಅವಳ ಹೆಸರನ್ನೂ ಬರೆಸಿದೆ. ಅದು ತಿಳಿದು ಅವಳು, ಸತ್ತವರಿಗಾಗಿ ಪ್ರಾರ್ಥಿಸಬೇಕೆಂದು ಸತ್ಯವೇದದಲ್ಲಿ ಎಲ್ಲಿದೆ ಎಂದು ಕೇಳಿದಳು. ನಾನು ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯ ತೆರೆದು ಅವಳ ಮುಂದೆ ಹಿಡಿದೆ. ಅವಳು ತನ್ನ ಸತ್ಯವೇದವನ್ನು ಹಾಳೆ ಹಾಳೆಯಾಗಿ ಮಗುಚಿ, ಅದು ಇದರಲ್ಲಿ ಇಲ್ಲ ಎಂದಳು. ಅವಳು ಹೇಳಿದ್ದು ನಿಜ. ನಮ್ಮ ಬೈಬಲಿನಲ್ಲಿ 73 ಗ್ರಂಥಗಳಿದ್ದರೆ ಅವರದರಲ್ಲಿ 66 ಮಾತ್ರ ಇವೆ, ಮಕ್ಕಬಿಯರ ಗ್ರಂಥಗಳು ಅವರ ಪಟ್ಟಿಯಲ್ಲಿ ಸೇರಿಲ್ಲ. ಅಷ್ಟು ತಿಳಿದಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಅವಳು ಬೇಕೆಂದೇ ಹಟ ಮಾಡುತ್ತಿದ್ದಾಳೆಂದು ತಿಳಿದು, ನಿನ್ನ ಅಪ್ಪನನ್ನು ಶುದ್ಧೀಕರಣದ ಬೆಂಕಿಯಲ್ಲಿ ಬಿಟ್ಟು ನೀನು ಕೂಟದಲ್ಲಿ ಹಾಡು ಹೇಳುತ್ತಿದ್ದೀಯ ಎಂದುಬಿಟ್ಟೆ.

ಅವಳು ಮರುಮಾತಾಡಲಿಲ್ಲ. ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಇಳಿಸಿದಳು, ನನ್ನ ತಟ್ಟೆಗೆ ಬಡಿಸಿದಳು, ತಾನು ಉಣ್ಣದೆ ಮಲಗಿದಳು. ಮುಂದಿನ ವಾರ ಬೇರೆ ಹಾಸ್ಟೆಲಿಗೆ ಹೋದಳು.

ತಂಗೀ, ನಮ್ಮ ಊರಿನಲ್ಲಿ ಬೇರೆ ಧರ್ಮದವರೊಡನೆ ಬಾಳುವ ಕ್ರಮ ನಮಗೆ ಹುಟ್ಟಿನಿಂದಲೇ ಗೊತ್ತು. ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಹರಕೆಯ ಮೇಣದಬತ್ತಿ ಹಿಡಿದು ನಿಲ್ಲುವ ಸಾಲಿನಲ್ಲಿ ಹಿಂದೂಗಳೆಷ್ಟು, ನಮ್ಮವರೆಷ್ಟು ಎಂದು ಯಾರೂ ಎಣಿಸುವುದಿಲ್ಲ. ನಮ್ಮ ಕ್ರಿಸ್ಮಸ್ಸಿನ ತಿಂಡಿ ನೆರೆಮನೆಗೆ ಹೋಗುತ್ತದೆ, ಅವರ ಚೌತಿಯ ಚಕ್ಕುಲಿ ನಮ್ಮ ಮನೆಗೆ ಬರುತ್ತದೆ. ಯಾವುದನ್ನು ಕೇಳಬಾರದು, ಯಾವ ಮನೆಗೆ ಯಾವುದನ್ನು ಒಯ್ಯಬಾರದು ಎಂಬುದು ಮಕ್ಕಳಿಗೂ ತಿಳಿದಿರುತ್ತದೆ. ಆದರೆ ನಮ್ಮ ಮನೆಯವರೇ, ಅದೇ ಯೇಸುವಿನ ಹೆಸರು ಹೇಳುತ್ತಲೇ ಬೇರೆ ದಾರಿ ಹಿಡಿದರೆ ಅವರೊಡನೆ ಹೇಗಿರಬೇಕೆಂದು ನಮ್ಮ ಹಿರಿಯರು ಕಲಿಸಲಿಲ್ಲ, ಅವರ ಕಾಲದಲ್ಲಿ ಆ ಸಂದರ್ಭವೇ ಬಂದಿರಲಿಲ್ಲ. ನೆರೆಯವರಿಗೆ ತೋರಿಸುವ ಮರ್ಯಾದೆಯನ್ನು ನಾನು ನನ್ನ ತಂಗಿಗೆ ತೋರಿಸಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಈ ದೇಶದಲ್ಲಿ ನನ್ನ ಪಾಲಿಗೆ ಊರು ಎಂದು ಉಳಿದಿದ್ದದ್ದು ಆ ಜಪಮಾಲೆ ಒಂದೇ. ಅವಳು ಅದನ್ನು ಬಿಟ್ಟಾಗ, ಅಂಗಳವನ್ನೂ ಅಮ್ಮನ ಕೂಗನ್ನೂ ನನ್ನನ್ನೂ ಬಿಟ್ಟುಹೋದಳೆಂದು ನನಗೆ ತೋರಿತು. ಧರ್ಮದ ಮಾತಿನಲ್ಲಿ ಆಡಿದ ಸಿಟ್ಟಿನಲ್ಲಿ ಹೆಚ್ಚಿನ ಪಾಲು ಊರಿನ ನೆನಪಿನ ಸಂಕಟವೇ ಆಗಿತ್ತು.

ನಾನು ಇಲ್ಲಿಗೆ ಬಂದಿಳಿದ ಅದೇ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕರೂ, ಮಾರ್ಟಿನ್ ಲೂಥರರ ದಾರಿ ಹಿಡಿದ ಲುಥೆರನ್ನರೂ ರಕ್ಷಣೆಯ ವಿಷಯದಲ್ಲಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದ್ದರು. ಶತಮಾನಗಳ ಕಾಲ ಯುರೋಪನ್ನೇ ಒಡೆದ ವಾದವದು. ಅದಕ್ಕೂ ಮುಂಚೆ, 1964ರಲ್ಲೇ, ನಮ್ಮ ಕಥೋಲಿಕ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆ ನಮ್ಮಿಂದ ಬೇರೆಯಾದ ಕ್ರೈಸ್ತರನ್ನು ಸಹೋದರರೆಂದೇ ಕರೆದಿತ್ತು. ಇಷ್ಟೆಲ್ಲ ಆಗಿರುವಾಗ ಕುವೈತಿನ ಒಂದು ಕೋಣೆಯಲ್ಲಿ ಅಕ್ಕತಂಗಿಯರಿಬ್ಬರಿಗೆ ಒಂದು ತಟ್ಟೆ ಅನ್ನ ಉಣ್ಣಲು ಆಗಲಿಲ್ಲ.

2011ರಲ್ಲಿ ರಜೆಗೆ ಊರಿಗೆ ಹೋದಾಗ ನವೆಂಬರ್ 2ರಂದು, ಮೃತರ ದಿನ, ಸಮಾಧಿಗೆ ಹೋದೆ. ನಮ್ಮ ಕಡೆಯ ಮಳೆಗೆ ಚಿರೆಕಲ್ಲಿನ ಮೇಲೆ ಹೇಗೆ ಪಾಚಿ ಕಟ್ಟುತ್ತದೆ, ಸುತ್ತ ಹುಲ್ಲು ಎಷ್ಟೆತ್ತರ ಬೆಳೆಯುತ್ತದೆ ಎಂಬುದು ನಿನಗೆ ಗೊತ್ತು. ಚಿಕ್ಕಪ್ಪನ ಸಮಾಧಿ ಪಾಚಿ ಕೆರೆದು ಸುಣ್ಣ ಬಳಿದು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಪಕ್ಕದ ನನ್ನ ಅಪ್ಪನ ಸಮಾಧಿಯೂ ಹಾಗೆಯೇ ಇತ್ತು. ಚಿಕ್ಕಮ್ಮನನ್ನು ಕೇಳಿದೆ. ಪ್ರತಿ ವರ್ಷ ಮಳೆ ನಿಂತೊಡನೆ ಅವಳೇ ಹಣ ಕಳಿಸಿ ಎರಡನ್ನೂ ಮಾಡಿಸುತ್ತಿದ್ದಾಳೆ, ನಿನಗೆ ಹೇಳಿಲ್ಲವೇ ಎಂದರು. ಮೇಣದಬತ್ತಿ ಹಚ್ಚುವುದು ಅವಳ ನಂಬಿಕೆಗೆ ಒಪ್ಪುವುದಿಲ್ಲ. ಬಲಿಪೂಜೆಯ ಚೀಟಿ ಬರೆಸಿದ ನಾನು ಏಳು ವರ್ಷದಲ್ಲಿ ಒಮ್ಮೆಯೂ ನನ್ನ ಅಪ್ಪನ ಸಮಾಧಿಯ ಹುಲ್ಲು ಕೀಳಿಸಿರಲಿಲ್ಲ.

ಹಿಂತಿರುಗಿ ಬಂದು ಅವಳ ಬಳಿ ಕ್ಷಮೆ ಕೇಳಿದೆ. ಪರವಾಗಿಲ್ಲ ಅಕ್ಕಾ ಎಂದಳು. ಮಾತು ಬೆಳೆಯಲಿಲ್ಲ. ಎದುರಾದರೆ ನಗುತ್ತೇವೆ, ಹಬ್ಬಕ್ಕೆ ಸಂದೇಶ ಕಳಿಸುತ್ತೇವೆ. ಕೈ ಹಿಡಿದು ಕುಳಿತ ಆ ರಾತ್ರಿಯ ಸಲುಗೆ ಮಾತ್ರ ಹಿಂದೆ ಬರಲಿಲ್ಲ.

ಈಗ ನಿನ್ನ ಕೋಣೆಯ ಮಾತು. ಬೇರೆ ಕೋಣೆ ಕೇಳಬೇಡ, ಬಾಯಿಯನ್ನೂ ಮುಚ್ಚಿಕೊಳ್ಳಬೇಡ. ಮರಿಯಮ್ಮನವರ ಚಿತ್ರವನ್ನು ನಿನ್ನ ಮಂಚದ ಬದಿಯ ಗೋಡೆಗೆ ಹಾಕು, ಹಾಕುವ ಮುನ್ನ ಅವಳಿಗೆ ಒಂದು ಮಾತು ಹೇಳು. ಅವಳ ಹಾಡಿಗೆ ಒಂದು ಹೊತ್ತು, ನಿನ್ನ ಜಪಕ್ಕೆ ಒಂದು ಹೊತ್ತು ಎಂದು ಮೊದಲ ದಿನವೇ ಮಾತಾಡಿಕೊಳ್ಳಿ. ರಾತ್ರಿ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಧರ್ಮದ ಮಾತೇ ಬೇಡ, ನಿದ್ದೆಗೆಟ್ಟ ನಾಲಿಗೆಗೆ ಹಿಡಿತವಿರುವುದಿಲ್ಲ. ವಿಗ್ರಹದ ಮಾತು ತೆಗೆದು ದಶಾಜ್ಞೆಯನ್ನು ತೋರಿಸಿದಾಳು. ವಿಮೋಚನಾಕಾಂಡದ 20ನೆಯ ಅಧ್ಯಾಯದ ಅದೇ ಮಾತುಗಳನ್ನು ನಾವು ಮೊದಲ ಆಜ್ಞೆಯೊಳಗೇ ಸೇರಿಸಿ ಎಣಿಸುತ್ತೇವೆ, ಅವರು ಎರಡನೆಯದಾಗಿ ಬೇರೆಯೇ ಎಣಿಸುತ್ತಾರೆ. ನಮ್ಮವರು ಆಜ್ಞೆಯನ್ನೇ ಮುಚ್ಚಿಟ್ಟರೆಂದು ಅವಳು ತಿಳಿದಿದ್ದರೆ ಇಷ್ಟನ್ನು ಸಮಾಧಾನವಾಗಿ ಹೇಳು, ಗೆಲ್ಲಲು ಹೋಗಬೇಡ. ಕೂಟಕ್ಕೆ ಬಾ ಎಂದು ಕರೆದರೆ, ಮನಸ್ಸಿಲ್ಲದಿದ್ದರೆ ಇಲ್ಲವೆಂದು ಒಮ್ಮೆ ಸ್ಪಷ್ಟವಾಗಿ ಹೇಳಿಬಿಡು. ಬರುತ್ತೇನೆ ನೋಡೋಣ ಎಂಬ ಹಾರಿಕೆಯ ಮಾತಿನಿಂದಲೇ ಆಮೇಲೆ ಮನಸ್ತಾಪ ಹುಟ್ಟುವುದು. ಅವಳ ಹೆಸರಿನಲ್ಲಿ, ಅವಳನ್ನು ಕೇಳದೆ, ಯಾವ ಪ್ರಾರ್ಥನೆಯನ್ನೂ ಹೇಳಿಸಬೇಡ. ಇನ್ನೊಂದು ಎಚ್ಚರಿಕೆ ನಿಮ್ಮಿಬ್ಬರಿಗೂ ಸೇರಿದ್ದು: ಆಸ್ಪತ್ರೆಯಲ್ಲಿ ರೋಗಿಗಳ ಬಳಿ ನಮ್ಮ ಧರ್ಮದ ಮಾತಾಗಲಿ ಕರಪತ್ರವಾಗಲಿ ಕೂಡದು. ಇಲ್ಲಿ ಮುಸ್ಲಿಮರ ನಡುವೆ ಮತಪ್ರಚಾರಕ್ಕೆ ಅವಕಾಶವಿಲ್ಲ, ಸಿಕ್ಕಿಬಿದ್ದರೆ ಕೆಲಸವಷ್ಟೇ ಅಲ್ಲ, ಈ ದೇಶವನ್ನೇ ಬಿಡಬೇಕಾದೀತು.

ಒಬ್ಬನು ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬನು ಕಾಯಿಪಲ್ಯ ಮಾತ್ರ ತಿನ್ನುತ್ತಾನೆ, ಒಬ್ಬರು ಇನ್ನೊಬ್ಬರನ್ನು ಹೀನೈಸಬಾರದು ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಮೀನು ತಿನ್ನುವವರೂ ತಿನ್ನದವರೂ ಬೇಲಿಗೆ ಬೇಲಿ ತಾಗಿಸಿಕೊಂಡು ಬಾಳುವ ನಮ್ಮ ಸೀಮೆಯವಳಾದ ನಿನಗೆ ಇದನ್ನು ವಿವರಿಸಬೇಕಿಲ್ಲ. ಆ ಅಧ್ಯಾಯ ನಮ್ಮ 73ರಲ್ಲೂ ಇದೆ, ಅವರ 66ರಲ್ಲೂ ಇದೆ. ಮನಸ್ಸಾದರೆ ಒಂದು ಸಂಜೆ ಇಬ್ಬರೂ ಕೂಡಿ ಓದಿ.

ಕುವೈತ್ ನಗರದಲ್ಲಿ ನಮ್ಮ ಪವಿತ್ರ ಕುಟುಂಬದ ಮಹಾದೇವಾಲಯವೂ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿನ ಆವರಣವೂ ಒಂದೇ ಭಾಗದಲ್ಲಿವೆ. ಅವರ ಆವರಣದಲ್ಲಿ ಹಲವು ಭಾಷೆಗಳ ಹತ್ತಾರು ಸಭೆಗಳು ಹೊತ್ತು ಹಂಚಿಕೊಂಡು ಅವೇ ಕೋಣೆಗಳಲ್ಲಿ ಆರಾಧನೆ ನಡೆಸುತ್ತವೆ. ನನ್ನ ತಂಗಿಯ ಕೂಟವೂ ಅಲ್ಲಿಯೇ ಸೇರುತ್ತದೆ. ಶುಕ್ರವಾರ ಅವಳೂ ನಾನೂ ಎಷ್ಟೋ ಸಲ ಒಂದೇ ಬಸ್ಸಿನಲ್ಲಿರುತ್ತೇವೆ, ಒಂದೇ ನಿಲ್ದಾಣದಲ್ಲಿ ಇಳಿದು ಆ ಕಡೆ ಈ ಕಡೆ ನಡೆಯುತ್ತೇವೆ.

ನೀನು ಬಂದ ಮೊದಲ ಶುಕ್ರವಾರ ಆ ನಿಲ್ದಾಣದಲ್ಲಿ ನಿನಗಾಗಿ ಕಾಯುತ್ತೇನೆ, ನಿನ್ನ ಕೋಣೆಯ ಹುಡುಗಿಯನ್ನೂ ಕರೆದುಕೊಂಡು ಬಾ. ಏನು ತರಬೇಕೆಂದು ಕೇಳಿದ್ದೆಯಲ್ಲ, ಒಣಗಿಸಿದ ಮುರುಗಲ ಸಿಪ್ಪೆ ತಾ. ಎರಡು ಪೊಟ್ಟಣ ಬೇರೆ ಬೇರೆಯಾಗಿ ಕಟ್ಟಿಸು. ಒಂದನ್ನು ಚಿಕ್ಕಪ್ಪನ ಮಗಳಿಗೆ ನಾನೇ ಕೊಡುತ್ತೇನೆ.