ಟೀಗೆ ಕರೆದರೆ ಹಸಿದುಕೊಂಡೇ ಹೋಗು

ಪ್ರೀತಿಯ ತಂಗಿ,

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನೀವು ಬಾಡಿಗೆಗೆ ಹಿಡಿದಿರುವ ಮನೆಯ ನೆರೆಯವರು, ಬಂದ ಮರುದಿನ ಸಂಜೆ ಐದೂವರೆಗೆ ಟೀಗೆ ಬನ್ನಿ ಎಂದು ಬರೆದಿದ್ದಾರೆ. ಹೋಗುವ ಮುಂಚೆ ರಾತ್ರಿಯ ಅಡುಗೆ ಮಾಡಿಡಬೇಕೇ ಎಂದು ಹಾಸನದಿಂದಲೇ ಕೇಳಿದ್ದೀಯ. ಖಂಡಿತ ಬೇಡ. ಅವರು ಕರೆದಿರುವುದೇ ಊಟಕ್ಕೆ.

ಉತ್ತರ ಇಂಗ್ಲೆಂಡಿನಲ್ಲಿ ಟೀ ಎಂದರೆ ಸಂಜೆಯ ಊಟ. ಗಿರಣಿ, ಗಣಿಗಳಲ್ಲಿ ದುಡಿದು ಬಂದವರು ಬಿಸಿ ಊಟದ ಜೊತೆ ಚಹಾ ಕುಡಿಯುತ್ತಿದ್ದರು. ಆ ಹೆಸರು ಊಟಕ್ಕೇ ನಿಂತಿತು. ಅಲ್ಲಿ ಹಲವರಿಗೆ ಡಿನ್ನರ್ ಎಂದರೆ ಮಧ್ಯಾಹ್ನದ ಊಟ. ಮಗುವಿನ ನರ್ಸರಿಯ ದಿನಚರಿಯಲ್ಲಿ ಟೀ ಎಂದಿದ್ದರೆ ಗಾಬರಿಯಾಗಬೇಡ, ಮಕ್ಕಳಿಗೆ ಕೊಡುವುದು ಸಂಜೆಯ ಲಘು ಊಟ. ಬರೀ ಚಹಾಕ್ಕೆ ‘ಬ್ರೂ’ ಎನ್ನುವವರೂ ಇದ್ದಾರೆ. ನಮಗೆ ಆ ಹೆಸರು ಕೇಳಿದರೆ ಕಾಫಿಪುಡಿಯ ಪೊಟ್ಟಣ ನೆನಪಾಗುತ್ತದೆ, ಅಲ್ಲಿ ಬರುವುದು ಹಾಲು ಹಾಕಿದ ಚಹಾ.

ಹೋಟೆಲುಗಳ ಆಫ್ಟರ್‌ನೂನ್ ಟೀ ಬೇರೆ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಆರಂಭಿಸಿದರೆನ್ನುವ ಪದ್ಧತಿ ಅದು: ಸ್ಯಾಂಡ್‌ವಿಚ್, ಸ್ಕೋನ್ ಎಂಬ ಬನ್ನಿನಂಥ ತಿಂಡಿ, ಕೇಕು. ಸ್ಕೋನಿಗೆ ಡೆವನ್ನಿನವರು ಮೊದಲು ಕೆನೆ ಹಚ್ಚುತ್ತಾರೆ, ಕಾರ್ನ್‌ವಾಲಿನವರು ಮೊದಲು ಜಾಮ್. ಅದರ ಚಿಂತೆ ನಿನಗೆ ಈಗ ಬೇಡ.

ಮುಖ್ಯವಾದ ಮಾತು ಇದು: ನೀವು ಸಸ್ಯಾಹಾರಿಗಳೆಂದು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂದು ಇಂದೇ ಬರೆದು ತಿಳಿಸು. ನಮ್ಮಲ್ಲಿ ಅತಿಥಿ ಹೀಗೆ ಹೇಳಲು ಸಂಕೋಚಪಡುತ್ತಾನೆ. ಅಲ್ಲಿ ಹೇಳದೆ ಹೋಗಿ ತಟ್ಟೆ ಮುಟ್ಟದಿದ್ದರೆ ಪಾಪ, ಮಾಡಿದವರು ನೊಂದುಕೊಳ್ಳುತ್ತಾರೆ. ಆಲೂಗಡ್ಡೆಯ ಮೇಲೆ ಸುರಿಯುವ ಗ್ರೇವಿಯಲ್ಲಿ ಮಾಂಸದ ರಸವಿರಬಹುದು. ಯಾರ್ಕ್‌ಶೈರ್ ಪುಡಿಂಗ್ ಸಿಹಿಯಲ್ಲ, ಮೊಟ್ಟೆ ಹಾಕಿ ಮಾಡುವಂಥದ್ದು. ಬ್ಲ್ಯಾಕ್ ಪುಡಿಂಗಿನಲ್ಲಿ ರಕ್ತವೇ ಇರುತ್ತದೆ. ಹೆಸರು ನೋಡಿ ನಂಬಬೇಡ, ಕೇಳು. ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಮೂಡಿಗೆರೆಯ ಕಡೆ ‘ಕಾಫಿ ಕುಡಿದು ಹೋಗಿ’ ಎಂದವರು ಬರೀ ಲೋಟ ಕೊಟ್ಟು ಕಳಿಸುತ್ತಾರೆಯೇ? ಕಡುಬೋ ರೊಟ್ಟಿಯೋ ಬಂದೇ ಬರುತ್ತದೆ. ಅದೇ ಮನಸ್ಸಿನಿಂದ ಆ ಮನೆಯವರೂ ಕರೆದಿದ್ದಾರೆ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗು.

ಬರಿಗೈಯಲ್ಲಿ ಹೋಗಬೇಡ. ಆದರೆ ಮೈಸೂರು ಪಾಕು, ಪೇಡ ಕಟ್ಟಿಕೊಳ್ಳಬೇಡ; ಭಾರತದಿಂದ ಹಾಲಿನ ಪದಾರ್ಥಗಳನ್ನು ಬ್ರಿಟನ್ನಿಗೆ ತರುವಂತಿಲ್ಲ, ತುಪ್ಪವೂ ಅದರಲ್ಲೇ ಸೇರುತ್ತದೆ. ಚಿಕ್ಕಮಗಳೂರಿನ ಕಾಫಿಪುಡಿ ತಾ. ಚಿಕೋರಿ ಬೆರೆಸುವುದು ಬೇಡ. ಅವರ ಮನೆಯಲ್ಲಿ ನಮ್ಮ ಫಿಲ್ಟರ್ ಇರುವುದಿಲ್ಲ, ಆದ್ದರಿಂದ ಸ್ವಲ್ಪ ತರಿಯಾಗಿ ಪುಡಿ ಮಾಡಿಸು.